ಬಾಯಾರಿನ ಬಾಟಲಿ

ಊರಿನ ಹೆಸರೇ ಬಾಯಾರು.
ಅಲ್ಲಿಂದ ನೀರು ತರುವುದು ನನ್ನ ಉದ್ಯೋಗ.
ಮುಚ್ಚಳ ತೆರೆದು ಮುಚ್ಚುವಷ್ಟು ಹೊತ್ತು ಉಸಿರು ಬಿಡಬಾರದು,
ಬಾಟಲಿಯ ಕತ್ತಿಗೆ ಬೆರಳು ತಾಗಬಾರದು,
ಆರು ಗಂಟೆಯೊಳಗೆ ವಿದ್ಯಾನಗರದ ಲ್ಯಾಬು ಸೇರಬೇಕು.
ಆಮೇಲೆ ತಂದರೆ ಅದು ಬೇರೆ ನೀರು.

ಉಪ್ಪಳದ ಬಸ್ಸಿನಲ್ಲಿ ಮಡಿಲ ಮೇಲೆ ಥರ್ಮಾಕೋಲ್ ಪೆಟ್ಟಿಗೆ.
"ಎಂತ ಮೀನು?" ಕಂಡಕ್ಟರನ ಪ್ರಶ್ನೆ.
ನೀರು ಎಂದೆ.
"ನೀರಿಗೂ ಐಸಾ ಮಾರಾಯ್ತಿ!"
ಇಡೀ ಬಸ್ಸು ನಕ್ಕಿತು, ನಾನೂ ನಕ್ಕೆ.
ಹೆದ್ದಾರಿ ಅಗೆಯುವಲ್ಲಿ ಇಪ್ಪತ್ತೆರಡು ನಿಮಿಷ ನಿಂತಾಗ
ಗಡಿಯಾರ ನೋಡುತ್ತಿದ್ದವಳು ನಾನೊಬ್ಬಳೇ.

ಕುಂಬಳೆಯ ಬಾಡಿಗೆ ಮನೆಯ ಬಾವಿಯಲ್ಲಿ ಕಬ್ಬಿಣವಿತ್ತು.
ಸೋಮವಾರದ ಬಿಳಿ ಅಂಗಿ ಶುಕ್ರವಾರಕ್ಕೆ ಚಹಾದ ಬಣ್ಣ.
ಅಮ್ಮ ಸಾಬೂನಿಗೆ ಬೈಯುತ್ತಿದ್ದಳು.
ಹತ್ತನೆಯಲ್ಲಿ ಟೀಚರು ನಮ್ಮ ನೀರಿಗೆ ಎರಡು ತೊಟ್ಟು ಏನೋ ಹಾಕಿದರು,
ನಳಿಕೆ ನೆತ್ತರಿನ ಕೆಂಪಿಗೆ ತಿರುಗಿತು.
ಅಂದು ಸಾಬೂನು ಖುಲಾಸೆ. ನಾನು ಸಿಕ್ಕಿಬಿದ್ದೆ.

ನೂರ ಎಪ್ಪತ್ತೊಂಬತ್ತು ದಿನದ ಕೆಲಸ ಇದು,
ನೂರ ಎಂಬತ್ತನೆಯ ದಿನ ಮನೆಯಲ್ಲಿ.
ಪಿಎಸ್‌ಸಿ ಪಟ್ಟಿಯಲ್ಲಿ ನಲವತ್ತೊಂದನೆಯವಳು;
ಮೂವತ್ತಾರಕ್ಕೆ ಪಟ್ಟಿ ಸತ್ತಿತು.
ಮದುವೆ ಮನೆಯಲ್ಲಿ ಕೇಳುತ್ತಾರೆ: ಪರ್ಮನೆಂಟಾ?
ಚಿಕ್ಕಮ್ಮ ನನ್ನ ಪರವಾಗಿ: "ಡಾಕ್ಟರರ ಹಾಗೆಯೇ. ಆದರೆ ನೀರಿಗೆ."

ಐತಪ್ಪ ನಾಯ್ಕರಿಗೆ ನನ್ನ ಮೀಟರು ತಮಾಷೆ.
ಇಪ್ಪತ್ತೆರಡರ ಪ್ರಾಯದಲ್ಲಿ ಗುಡ್ಡದ ಹೊಟ್ಟೆ ಕೊರೆದವರು,
ಅರುವತ್ತು ಕೋಲು ಒಳಗೆ, ಕೈಯಲ್ಲೊಂದು ಮೇಣದ ಬತ್ತಿ;
ಬತ್ತಿ ಕುಗ್ಗಿದರೆ ಹೊರಗೆ ಓಟ.
ಅಷ್ಟೇ ಅವರ ಪ್ರಯೋಗಶಾಲೆ.
ಸುರಂಗದ ಬಾಯಲ್ಲಿ ಕೂತು ಒಂದು ಬೊಗಸೆ ಕುಡಿದು
"ಒಳಗೆಲ್ಲೋ ಮಣ್ಣು ಕುಸಿದಿದೆ" ಎಂದರು.
ಮೀಟರು ಹೇಳಿದ್ದು: ಐದು ಪಾಯಿಂಟ್ ನಾಲ್ಕು. ಹುಳಿ.
ಇಬ್ಬರೂ ಸರಿ ಇರಬಹುದು,
ಫಾರಮಿನಲ್ಲಿ ಇರುವುದು ಒಂದೇ ಕಾಲಮ್ಮು.

ಬೀಫಾತಿಮ್ಮನ ಬಾವಿ ಗುಡ್ಡದ ಕೆಳಗೆ.
ಮೇ ತಿಂಗಳಲ್ಲಿ ಪಂಚಾಯತಿನ ಟ್ಯಾಂಕರು ಬಾರದ ದಿನ
ಹದಿಮೂರು ಮನೆಯ ಕೊಡಗಳು ಅಲ್ಲಿ ಸಾಲು.
ಹೋದವರಿಗೆ ಮೊದಲು ಬೆಲ್ಲ, ನೀರು. ನಾನೂ ಕುಡಿದೆ,
ಆಮೇಲೆ ಟೇಪು ಹಿಡಿದು ಅಳೆದೆ:
ಕಕ್ಕಸಿನ ಗುಂಡಿಯಿಂದ ಬಾವಿಗೆ ನಾಲ್ಕು ಮೀಟರು.
ಏಳೂವರೆ ಇರಬೇಕು. ಬಾಯಿ ಬರಲಿಲ್ಲ.
ನೀರೇ ಹೇಳಲಿ ಎಂದು ಬಿಟ್ಟೆ, ಹೇಡಿ.

ದೊಡ್ಡ ಕೊಳವೆಯೊಳಗೆ ತಲೆಕೆಳಗಾಗಿ ಒಂದು ಪುಟ್ಟ ಕೊಳವೆ.
ಎರಡು ದಿನ ಬೆಚ್ಚಗಿಟ್ಟರೆ, ಒಳಗೆ ಯಾರಾದರೂ ಇದ್ದರೆ
ಉಸಿರು ಬಿಡುತ್ತಾರೆ.
ನಾಯ್ಕರ ಕೊಳವೆ ಸುಮ್ಮನಿತ್ತು.
ಬೀಫಾತಿಮ್ಮನದರಲ್ಲಿ ಗುಳ್ಳೆ,
ಸಾಸಿವೆಯಷ್ಟು, ಸಂಜೆಗೆ ಕಡಲೆಯಷ್ಟು.

ವರದಿ ಇಂಗ್ಲಿಷಿನಲ್ಲಿ, ಮುದ್ರೆ ಮಲಯಾಳದಲ್ಲಿ.
ಬೀಫಾತಿಮ್ಮ ಕಲಿತದ್ದು ನಾಲ್ಕರವರೆಗೆ, ಕನ್ನಡ ಶಾಲೆ.
ಕೆಳಗಿನ ಖಾಲಿ ಜಾಗದಲ್ಲಿ ಪೆನ್ಸಿಲಿನಿಂದ ಬರೆದೆ:
ಕುದಿಸದೆ ಕುಡಿಯಬಾರದು.
ಪ್ರೇಮರಾಜನ್ ಸಾರ್ ಕನ್ನಡಕ ಏರಿಸಿ ನೋಡಿದರು, ಏನೂ ಅನ್ನಲಿಲ್ಲ.
ಮರುದಿನ ನನ್ನ ಮೇಜಿನ ಮೇಲೆ ಒಂದು ಪೆನ್ನು.

ಕಾಗದವನ್ನು ಬಿಸಿಲಿಗೆ ಹಿಡಿದು ಅಕ್ಷರ ಅಕ್ಷರ ಓದಿದರು.
"ಈ ನೀರು ಕುಡಿದೇ ಅಲ್ವಾ ಮೋಳೆ
ಇಲ್ಲಿನ ಮಕ್ಕಳೆಲ್ಲ ಎದ್ದು ನಿಂತದ್ದು?"
ಬೈಗುಳಕ್ಕೆ ಕಾದೆ. ಅವರು ಒಳಗೆ ಹೋಗಿ
ಅದೇ ಸ್ಟೀಲಿನ ಲೋಟ ತಂದಿಟ್ಟರು, ಅದೇ ಬೆಲ್ಲ.
"ಕುಡಿಯುವುದಾ, ಬಾಟಲಿಗಾ?"

ಎಂಎಸ್ಸಿಯಲ್ಲಿ ಈ ಪ್ರಶ್ನೆ ಬಂದಿರಲಿಲ್ಲ.
ಒಲೆ ಎಲ್ಲಿ ಎಂದು ಕೇಳಿದೆ.
ಗೇರಿನ ಕಟ್ಟಿಗೆ, ಹೊಗೆ, ಎರಡು ಮಣೆ.
ಮೂರೂಕಾಲರ ಬಸ್ಸು ಹೋದದ್ದು ಕೇಳಿಸಿತು.
ಬ್ಲೀಚಿಂಗ್ ಪುಡಿ ಎಷ್ಟು, ಗುಂಡಿ ಎಲ್ಲಿಗೆ, ದುಡ್ಡು ಯಾರದು,
ಮಾತು ಇನ್ನೂ ಅರ್ಧದಲ್ಲಿರುವಾಗ
ಪಾತ್ರೆಯ ತಳ ಬಿಟ್ಟು ಒಂದು ಗುಳ್ಳೆ ಮೇಲೆ ಬಂತು,
ಹಿಂದೆಯೇ ಇನ್ನೊಂದು.
ಇವನ್ನು ನಾನು ಎಲ್ಲೂ ಬರೆದುಕೊಳ್ಳಬೇಕಾಗಿಲ್ಲ.